ಭಾಗಿಗೆ ಎಷ್ಟು ವರ್ಷ

ಹೋದ ತಿಂಗಳು ಕರಜಗಿಗೆ ಹೋದಾಗ ಅಣ್ಣ ದನದ ಕೊಟ್ಟಿಗೆ ಖಾಲಿ ಮಾಡುತ್ತಿದ್ದ. ಎತ್ತು ಮಾರಿ ಎರಡು ವರ್ಷವಾಗಿತ್ತು. ಇನ್ನು ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸಬೇಕಂತೆ. ಅಟ್ಟದ ಮೇಲಿಂದ ಹಗ್ಗ, ಮುರಿದ ಕೂರಿಗೆ, ತುಕ್ಕು ಹಿಡಿದ ಔಷಧ ಹೊಡೆಯುವ ಪಂಪು ಎಲ್ಲ ಇಳಿಸಿ, ಕೊನೆಗೆ ಒಂದು ಸ್ಟೀಲಿನ ಡಬ್ಬಿ ತಂದು ನನ್ನ ಮುಂದೆ ಇಟ್ಟ.

“ನಿನ್ನ ಸುಣ್ಣದ ಬಿಲ್ಲಿ ಇಲ್ಲೇ ಉಳದಾವ ನೋಡು,” ಎಂದ.

ಮುಚ್ಚಳ ತೆಗೆದೆ. ಹಳೆಯ ಮೀನಿನ ವಾಸನೆ, ಅದರ ಜೊತೆಗೆ ಸ್ಪಿರಿಟ್ಟಿನ ಚೂರು ಘಾಟು. ಮಂಗಳೂರಿನ ಮೀನಿನ ಬಂದರಿನ ಧಕ್ಕೆಯಲ್ಲಿ ಇಡೀ ದಿನ ಈ ವಾಸನೆಯ ನಡುವೆಯೇ ಇರುವವಳು ನಾನು. ಅಲ್ಲಿ ಅದು ನನ್ನ ಮೂಗಿಗೆ ತಟ್ಟುವುದೂ ಇಲ್ಲ. ಇಲ್ಲಿ, ಹುಲ್ಲು, ಸಗಣಿ, ಎರೆಮಣ್ಣಿನ ನಡುವೆ ಅದು ಬಂದ ಕೂಡಲೇ ಕಣ್ಣು ತುಂಬಿದವು. ಅಣ್ಣ ನೋಡಿದರೂ ನೋಡದವನ ಹಾಗೆ ಮತ್ತೆ ಅಟ್ಟ ಹತ್ತಿದ. ನಮ್ಮ ಮನೆಯ ಗಂಡಸರಿಗೆ ಇದೊಂದು ವಿದ್ಯೆ ಚೆನ್ನಾಗಿ ಬರುತ್ತದೆ.

ಆ ಡಬ್ಬಿ ನಮ್ಮ ಮನೆಗೆ ಬಂದದ್ದು ಹತ್ತು ವರ್ಷದ ಹಿಂದೆ, ಕಾರಹುಣ್ಣಿಮೆ ಕಳೆದ ವಾರ. ಶಾರ್ಕ್ ಮೀನು ಹುಟ್ಟಿನಿಂದ ಮುಪ್ಪಿನವರೆಗೆ ಹೇಗೆ ಬೆಳೆಯುತ್ತದೆ ಎನ್ನುವುದು ನನ್ನ ಪಿಎಚ್‌ಡಿ ವಿಷಯ. ಅಫಜಲಪುರ ತಾಲೂಕಿನ ಹುಡುಗಿಗೆ ಶಾರ್ಕ್ ಎಲ್ಲಿಂದ ಗಂಟು ಬಿತ್ತು ಎಂದು ಕೇಳದವರಿಲ್ಲ. ಸೀಟು ಸಿಕ್ಕ ಕಡೆ ಹೋದೆ, ಅಷ್ಟೇ. ನಾಲ್ಕು ವರ್ಷ ಧಕ್ಕೆಯಲ್ಲಿ ಅಲೆದು ಸಾಮಗ್ರಿ ಕೂಡಿಸಿದ್ದಾಗಿತ್ತು. ಇನ್ನು ಕೂತು ಎಣಿಸಿ ಬರೆಯುವುದೊಂದೇ ಬಾಕಿ. ಅದಕ್ಕೆಂದು ನಾಲ್ಕು ತಿಂಗಳ ರಜೆ ಹಾಕಿ ಊರಿಗೆ ಬಂದಿದ್ದೆ. ಫೋಟೋಗಳು ಲ್ಯಾಪ್‌ಟಾಪಿನಲ್ಲಿದ್ದವು, ಅನುಮಾನ ಬಂದರೆ ಮತ್ತೆ ನೋಡಲು ಇರಲಿ ಎಂದು ಶಾರ್ಕಿನ ಬೆನ್ನೆಲುಬಿನ ಕೆಲವು ಮಣಿಗಳನ್ನು ಪುಟ್ಟ ಲಕೋಟೆಗಳಲ್ಲಿ ಹಾಕಿ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದೆ. ತೊಳೆದು ಒಣಗಿಸಿದ ಮೇಲೆ ಅವು ಬೆಳ್ಳಗೆ, ದುಂಡಗೆ, ಪೇಪರಮಿಂಟಿನ ಹಾಗೆ ಕಾಣುತ್ತವೆ. ವಾಸನೆ ಮಾತ್ರ ಪೇಪರಮಿಂಟಿನದಲ್ಲ.

ನಮ್ಮದು ಮೊಟ್ಟೆಯನ್ನೂ ಹೊಸ್ತಿಲೊಳಗೆ ಬಿಡದ ಮನೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಾಗಿಲಿಗೆ ಬಂದಳು.

“ಏನ್ ತಂದಿ ಬೇ ಇದರಾಗ?”

“ಸುಣ್ಣದ ಬಿಲ್ಲಿ ಯವ್ವಾ. ಕಾಲೇಜಿಂದು.”

“ಸುಣ್ಣಕ್ಕ ಈ ವಾಸನಿ ಯಾವಾಗಿಂದ ಬಂತು? ನನಗ ಹುಚ್ಚಿ ಮಾಡಬ್ಯಾಡ. ಕೊಟಗ್ಯಾಗ ಇಡು, ನೀನೂ ಅಲ್ಲೇ ಕುಂದ್ರು.”

ಹೀಗೆ ನನ್ನ ಪ್ರಯೋಗಾಲಯ ದನದ ಕೊಟ್ಟಿಗೆಯ ಮುಂಭಾಗದಲ್ಲಿ ಶುರುವಾಯಿತು. ಒಂದು ಹೊರಸು, ಒಂದು ಮುರುಕು ಮೇಜು, ಮಗ್ಗುಲಿಗೆ ಎರಡು ಎತ್ತು. ಆ ವರ್ಷ ಮುಂಗಾರು ಹೊತ್ತಿಗೆ ಸರಿಯಾಗಿ ಬಿತ್ತು. ತೊಗರಿ ಬಿತ್ತನೆ ಮುಗಿದು, ಅಣ್ಣ ಕಬ್ಬಿನ ಗದ್ದೆಗೆ ಹೋಗಿ ಬರುವಾಗ ಎರಡೂ ಚಪ್ಪಲಿಗೆ ಸೇರುಗಟ್ಟಲೆ ಎರೆಮಣ್ಣು ಮೆತ್ತಿಸಿಕೊಂಡು ಬರುತ್ತಿದ್ದ. ನಾನು ತಗಡಿನ ಮೇಲೆ ಬೀಳುವ ಮಳೆಯ ಸದ್ದು ಕೇಳುತ್ತ ಶಾರ್ಕಿನ ವಯಸ್ಸು ಎಣಿಸುತ್ತಿದ್ದೆ.

ಅಲ್ಲಿಗೆ ದಿನವೂ ಬರುತ್ತಿದ್ದವಳು ಭಾಗಿ, ಅಣ್ಣನ ಮಗಳು. ಪೂರ್ತಿ ಹೆಸರು ಭಾಗ್ಯವಂತಿ. ಘತ್ತರಗಿ ಭಾಗಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸು. ಅವಳ ತಾಯಿ, ನಮ್ಮ ಶಾಂತಾ ವೈನಿ, ಹೆರಿಗೆಗೆಂದು ಜೇವರ್ಗಿ ಕಡೆಯ ಕೊಳಕೂರಿಗೆ, ತನ್ನ ತವರಿಗೆ ಹೋದವಳು ಬಾಣಂತನದಲ್ಲೇ ತೀರಿಕೊಂಡಳು. ನೀವು ಸರಿಯಾಗಿ ನೋಡಲಿಲ್ಲ ಎಂದು ನಮ್ಮವರು, ನೀವು ದವಾಖಾನೆಗೆ ಬೇಗ ಬರಲಿಲ್ಲ ಎಂದು ಅವರು. ಎರಡೂ ಮನೆಗಳ ನಡುವೆ ಮಾತು ನಿಂತಿತು. ವರ್ಷ ತುಂಬುವ ಮೊದಲೇ ಅಣ್ಣ ಕೂಸನ್ನು ಕರಜಗಿಗೆ ತಂದ, ಅವ್ವ ಬೆಳೆಸಿದಳು. ಭಾಗಿ ಅಜ್ಜಿಯನ್ನೇ ಅಮ್ಮ ಎನ್ನುತ್ತಿದ್ದಳು. ಆ ವರ್ಷದ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಎತ್ತದೆ ಅದು ಯಾವ ವರ್ಷ ಎನ್ನುವುದೇ ಮಸುಕಾಗಿ ಹೋಗಿತ್ತು.

ಭಾಗಿ ಬಹಳ ಗಿಡ್ಡ ಇದ್ದಳು. ಮುಖ ಬಿಳಿಚಿದ ಹಾಗೆ, ಕಣ್ಣು ದೊಡ್ಡವು, ಯಾವಾಗಲೂ ಕೈಯಲ್ಲೊಂದು ನೀರಿನ ತಂಬಿಗೆ. ಶಾಲೆಯಲ್ಲಿ ಅವಳನ್ನು ಚೋಟಿ ಎಂದು ಕರೆಯುತ್ತಿದ್ದರು. ಮನೆಯಲ್ಲೂ ಪ್ರೀತಿಯಿಂದ ಹಾಗೇ ಕರೆಯುತ್ತಿದ್ದೆವು. ಅವಳಿಗೆ ಪ್ರೀತಿಯಲ್ಲೂ ಅದು ಸೇರುತ್ತಿರಲಿಲ್ಲ.

“ಅತ್ತಿ, ಈ ತಿಮಿಂಗಲಕ್ಕ ಎಷ್ಟ್ ವರ್ಷ?” ಮೊದಲ ದಿನ ತೆರೆಯ ಮೇಲಿನ ಫೋಟೋ ನೋಡಿ ಕೇಳಿದಳು.

“ತಿಮಿಂಗಲ ಅಲ್ಲ, ಶಾರ್ಕ್. ತಡಿ, ಎಣಸಾಕತ್ತೇನಿ.”

ಶಾರ್ಕಿಗೆ ನಮ್ಮ ಹಾಗೆ ಗಟ್ಟಿ ಎಲುಬಿಲ್ಲ, ಮೃದ್ವಸ್ಥಿ. ಬೆನ್ನಿನ ಮಣಿಗಳಲ್ಲಿ ಮಾತ್ರ ಸುಣ್ಣ ಕೂಡಿ ಗಟ್ಟಿಯಾಗುತ್ತದೆ. ಆ ಮಣಿಯನ್ನು ಹಾಳೆಯಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದು ತಿಳಿ ಗೆರೆ, ಒಂದು ದಟ್ಟ ಗೆರೆ, ಮರದ ಕಾಂಡದಲ್ಲಿ ಇರುವ ಹಾಗೆ. ನಡುವಿನದು ಹುಟ್ಟಿನ ಗೆರೆ. ಅಲ್ಲಿಂದ ಹೊರಗೆ ಒಂದು ಜೋಡಿಗೆ ಒಂದು ವರ್ಷ. ಹೀಗೆ ನೂರಾರು ಮೀನಿನ ವಯಸ್ಸಿನ ಎದುರಿಗೆ ಅವುಗಳ ಉದ್ದಕ್ಕೆ ಚುಕ್ಕಿ ಇಟ್ಟರೆ ಒಂದು ರೇಖೆ ಮೂಡುತ್ತದೆ. ಮೊದಲು ಸರ್ರನೆ ಏರುತ್ತದೆ, ಆಮೇಲೆ ಬಾಗುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಎಂದೆಂದಿಗೂ ಬದುಕಿದ್ದರೆ ಆ ಮೀನು ಎಷ್ಟು ಉದ್ದಕ್ಕೆ ಹತ್ತಿರವಾಗುತ್ತಿತ್ತು ಎಂದೂ ಸೂತ್ರ ಹೇಳುತ್ತದೆ. ಇಷ್ಟನ್ನೂ ನಾನು ಭಾಗಿಗೆ ಹೇಳಿದೆ. ಊರಿನಲ್ಲಿ ನನ್ನ ಸಂಶೋಧನೆಯನ್ನು ಕೊನೆಯವರೆಗೆ ಕೂತು ಕೇಳಿದವಳು ಅವಳೊಬ್ಬಳೇ.

“ಇದು ಎಷ್ಟ್ ಉದ್ದ ಇತ್ತು ಅತ್ತಿ?”

“ಅದನ್ನ ನೋಡಬಾರದು.”

“ಯಾಕ?”

“ಉದ್ದ ಗೊತ್ತಿದ್ರ ಕಣ್ಣು ಮೋಸ ಮಾಡ್ತದ. ದೊಡ್ಡ ಮೀನ ಅಂತ ಗೊತ್ತಿದ್ರ ಇಲ್ಲದ ಗೆರಿ ಕಾಣ್ತಾವ. ಸಣ್ಣದಂತ ಗೊತ್ತಿದ್ರ ಇದ್ದ ಗೆರಿ ಬಿಟ್ ಹೋಗ್ತಾವ. ಅದಕ್ಕ ನೋಡು, ಈ ಲಕೋಟಿ ಮ್ಯಾಲ ಬರೇ ನಂಬರ್ ಅದ. ಉದ್ದ ಬರದದ್ದು ಬ್ಯಾರೆ ವಹಿಯಾಗ ಅದ. ಮೊದಲ ಎಣಸಬೇಕು, ಈ ಮೂಲ್ಯಾಗಿನ ಚೌಕದಾಗ ವಯಸ್ಸ ಬರೀಬೇಕು. ಆಮ್ಯಾಲ ವಹಿ ತಗೀಬೇಕು.”

ಭಾಗಿ ಆ ಪುಟ್ಟ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಚಲೋ ಅದ ಈ ಪದ್ಧತಿ,” ಎಂದಳು.

ಆಷಾಢದ ಮೊದಲ ವಾರ ಅವ್ವ ತಾನಾಗಿ ಕೊಟ್ಟಿಗೆಗೆ ಬಂದಳು. ಅದಕ್ಕೆ ಮುಂಚೆ ಒಮ್ಮೆ ನಾನು ಟೇಪು ಹಿಡಿದು ಭಾಗಿಯ ಎತ್ತರ ನೋಡಲು ಹೋದಾಗ, ಬೆಳೆಯುವ ಕೂಸನ್ನು ಅಳೆಯಬಾರದು ಎಂದು ಟೇಪನ್ನೇ ಕಸಿದುಕೊಂಡಿದ್ದವಳು ಅವಳು. ಅವತ್ತು ತಾನೇ ಆ ಟೇಪು ತಂದಿದ್ದಳು.

“ನೀಲಾ, ಮೀನ ಹ್ಯಾಂಗ ಬೆಳಿತಾವ ಅಂತ ನೋಡ್ತಿಯಲ್ಲ, ನಮ್ಮ ಭಾಗೀದು ಜರಾ ನೋಡವಾ. ಎರಡ ವರ್ಷದ ಹಿಂದಿನ ಅಂಗಿ ಈಗೂ ಹಾಂಗೇ ಬರ್ತಾವ ಈಕೀಗಿ. ನನಗ್ಯಾಕೋ ಜೀವಕ್ಕ ಸಮಾಧಾನ ಇಲ್ಲ.”

ಆ ಒಂದು ಮಾತು ಸಾಕಿತ್ತು. ಎರಡು ವರ್ಷದ ಹಿಂದಿನ ಅಂಗಿ ಈಗಲೂ ಬರುತ್ತದೆ ಎಂದರೆ ಆ ಮಗು ಎರಡು ವರ್ಷದಿಂದ ಬೆಳೆದಿಲ್ಲ. ವಯಸ್ಸು ಎಷ್ಟಾದರೂ ಇರಲಿ, ಬೆಳೆದಿಲ್ಲ. ಇದನ್ನು ತಿಳಿಯಲು ಪಿಎಚ್‌ಡಿ ಬೇಡ. ಎರಡನೆಯ ಈಯತ್ತೆಯೂ ಓದದ ಅವ್ವನಿಗೆ ಅದು ತಿಳಿದಿತ್ತು, ಅದಕ್ಕೇ ಬಂದಿದ್ದಳು. ನಾನು ಮಾತ್ರ ನನ್ನ ಪದ್ಧತಿಯಂತೆ ಕೊಟ್ಟಿಗೆಯ ಕಂಬಕ್ಕೆ ಭಾಗಿಯನ್ನು ನಿಲ್ಲಿಸಿ ಅಳತೆ ತೆಗೆದೆ. ನೂರಾ ಇಪ್ಪತ್ತೊಂದು ಸೆಂಟಿಮೀಟರ್. ಆಮೇಲೆ ಕೇಳಿದೆ:

“ವಯಸ್ಸೆಷ್ಟು ಯವ್ವಾ ಈಕೀಗಿ?”

“ಹತ್ತು ಇರಬೇಕು. ಶಾಲ್ಯಾಗ ಹನ್ನೆರಡಂತ ಅದ. ಅದು ನಿಮ್ಮಣ್ಣ ಎರಡ ವರ್ಷ ಜಾಸ್ತಿ ಬರಸ್ಯಾನ, ಮನ್ಯಾಗ ನೋಡವರಿಲ್ಲ, ಜಲ್ದಿ ಶಾಲಿಗಿ ಹೋಗ್ಲಿ ಅಂತ.”

“ನನಗ ಹನ್ನೆರಡ ಅತ್ತಿ. ಖರೇನ,” ಎಂದಳು ಭಾಗಿ, ಕಂಬ ಬಿಡದೆ.

“ನೀ ಸುಮ್ನಿರು ಬೇ. ಹನ್ನೆರಡ ವರ್ಷದಾಕಿ ಹಿಂಗಿರ್ತಾಳೇನು? ನೋಡಿದ್ರ ಗೊತ್ತಾಗಂಗಿಲ್ಲೇನು?”

ನಾನು ನಕ್ಕೆ. ನಮ್ಮ ಕಡೆ ಶಾಲೆಯ ದಾಖಲೆಯನ್ನು ನಂಬುವವರು ಯಾರು? ಅರ್ಧ ಊರು ಜೂನ್ ಒಂದನೆಯ ತಾರೀಕು ಹುಟ್ಟಿದೆ. ನಾನೂ ಜೂನ್ ಒಂದು, ಅಣ್ಣನೂ ಜೂನ್ ಒಂದು. ಅವ್ವನ ಆಧಾರ್ ಕಾರ್ಡಿನಲ್ಲಿ ಜನವರಿ ಒಂದು, ಅವಳಷ್ಟೇ ಸ್ವಲ್ಪ ಬೇರೆ. ಕಾಗದದಲ್ಲಿ ಹನ್ನೆರಡು ಎಂದಿದ್ದರೆ ಅದು ಹನ್ನೆರಡಲ್ಲ ಎನ್ನುವುದು ನಮಗೆ ಕಾಗದ ನೋಡುವ ಮೊದಲೇ ಗೊತ್ತು.

ಮಕ್ಕಳ ಬೆಳವಣಿಗೆಯ ನಕ್ಷೆ ತೆಗೆದು ಹತ್ತು ವರ್ಷಕ್ಕೆ ಚುಕ್ಕಿ ಇಟ್ಟೆ. ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೆ ಸರಿಯಾಗಿ ಕೂತಿತು. ವೈನಿಯೂ ಕುಳ್ಳಿಯೇ ಇದ್ದಳು.

“ಸರಿ ಅದಾಳ ಯವ್ವಾ. ಗಿಡ್ಡ ಅದಾಳ ಖರೇ, ಆದ್ರ ಗೆರಿ ದಾಟಿಲ್ಲ. ಚಿಂತಿ ಮಾಡಬ್ಯಾಡ,” ಎಂದೆ.

ಅವ್ವನ ಮುಖ ಹಗುರಾಯಿತು. ಓದಿದವಳು ಹೇಳಿದ್ದಳಲ್ಲ. ಅವತ್ತು ಗೋಧಿ ಹುಗ್ಗಿ ಮಾಡಿ ನನಗೇ ಎರಡು ಸಲ ಬಡಿಸಿದಳು. ಹತ್ತು ವರ್ಷ ಎಂದು ಅವ್ವ ಹೇಳಿದ್ದು ಯಾವುದನ್ನು ನೋಡಿ? ಭಾಗಿಯ ಎತ್ತರ ನೋಡಿ. ಎತ್ತರ ನೋಡಿ ವಯಸ್ಸು ಊಹಿಸಿ, ಆ ವಯಸ್ಸಿಗೆ ಎತ್ತರ ಸರಿ ಇದೆ ಎಂದು ನಾನು ತೀರ್ಪು ಕೊಟ್ಟೆ. ಒಂದು ಮೀನಿಗೂ ಮಾಡದ ತಪ್ಪನ್ನು ನಮ್ಮ ಮನೆಯ ಕೂಸಿಗೆ ಮಾಡಿದೆ. ಮೀನಿಗೆ ನಂಬರು ಹಚ್ಚಿ ಉದ್ದ ಮುಚ್ಚಿಟ್ಟು ಎಣಿಸಿದವಳು ನಾನೇ.

ಅದಾದ ವಾರಕ್ಕೆ ಭಾಗಿಯ ಒಂದು ಹಾಲುಹಲ್ಲು ಬಿತ್ತು. ಕೋರೆಹಲ್ಲು. ಅಂಗೈಯಲ್ಲಿ ಇಟ್ಟುಕೊಂಡು ಕೊಟ್ಟಿಗೆಗೆ ಬಂದಳು.

“ಅತ್ತಿ, ಇದರಾಗೂ ಗೆರಿ ಇರ್ತಾವೇನು?”

“ಇರ್ತಾವ. ಆದ್ರ ನನಗ ಹಲ್ಲ ಓದಾಕ ಬರಂಗಿಲ್ಲ. ಹೋಗು, ಸಗಣ್ಯಾಗ ಇಟ್ಟು ಮಾಳಗಿ ಮ್ಯಾಲ ಒಗದ್ ಬಾ. ಇಲ್ಲಂದ್ರ ಹೊಸ ಹಲ್ಲ ಬರಂಗಿಲ್ಲ ಅಂತ ನಿಮ್ಮಮ್ಮ ಬೈತಾಳ.”

ಹಾಲುಹಲ್ಲು ಇನ್ನೂ ಬೀಳುತ್ತಿದೆ, ಹತ್ತು ಎನ್ನುವುದು ಸರಿಯೇ ಎಂದು ಮನಸ್ಸಿನಲ್ಲಿ ಇನ್ನೊಂದು ಸಲ ಮುದ್ರೆ ಒತ್ತಿಕೊಂಡೆ. ಅವಳು ಹೋಗಲಿಲ್ಲ. ಒಂದು ಖಾಲಿ ಲಕೋಟೆ ಕೇಳಿದಳು. ತೆರೆಯಿಂದ ತಲೆ ಎತ್ತದೆ ಕೊಟ್ಟೆ. ಎತ್ತಿಗೆ ಮೇವು ಹಾಕುವ ಗ್ವಾದಲಿಯ ಪಕ್ಕ ಕೂತು ಪೆನ್ಸಿಲಿನಲ್ಲಿ ಏನೋ ಬರೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಅವಳು ಅವ್ವನಿಗೆ “ಮಾಳಗಿ ಮ್ಯಾಲ ಒಗದ್ ಬಂದೆ ಅಮ್ಮಾ” ಎನ್ನುವುದು ಕೇಳಿಸಿತು. ನಾನು ನೂರಾ ಹದಿನಾಲ್ಕನೆಯ ಶಾರ್ಕಿನ ಎಣಿಕೆಯಲ್ಲಿದ್ದೆ.

ಶ್ರಾವಣ ಬಂತು. ಪಂಚಮಿಗೆ ಮಗಳನ್ನು ತವರಿಗೆ ಕರೆದುಕೊಂಡು ಹೋಗುವ ಹೊತ್ತಿನಲ್ಲಿ ಕೊಳಕೂರಿನ ಮುದುಕಿ, ಭಾಗಿಯ ತಾಯಿಯ ತಾಯಿ ಗುರಮ್ಮ, ಯಾರದೋ ಕೈಯಲ್ಲಿ ಹೇಳಿ ಕಳಿಸಿದ್ದಳು: ಮಗಳಂತೂ ಬರುವ ಹಾಗಿಲ್ಲ, ಮೊಮ್ಮಗಳನ್ನಾದರೂ ಒಮ್ಮೆ ಜೋಕಾಲಿ ಆಡಲು ಕಳಿಸಿರಿ. ಅಣ್ಣ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನಾನು ಹಟ ಹಿಡಿದು ಹೊರಡಿಸಿದೆ. ಅಫಜಲಪುರಕ್ಕೆ ಬಂದು, ಬಸ್ಸು ಬದಲಿಸಿ ಜೇವರ್ಗಿ ಮುಟ್ಟಿ, ಅಲ್ಲಿಂದ ಟಂಟಂ ಆಟೋದಲ್ಲಿ ಕೊಳಕೂರು. ಭಾಗಿ ದಾರಿಯುದ್ದಕ್ಕೂ ನೀರು ಕುಡಿದಳು, ಎರಡು ಸಲ ಬಸ್ಸು ನಿಲ್ಲಿಸಿ ಇಳಿದಳು. ಕಂಡಕ್ಟರ್ ಗೊಣಗಿದ. ನಾನೂ ಗದರಿದೆ. ಅದನ್ನೂ ಮರೆತಿಲ್ಲ.

ಗುರಮ್ಮನ ಮನೆಯ ಮುಂದೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಆರು ಹುಡುಗಿಯರು ಸೇರಿ ಗದ್ದಲ ಎಬ್ಬಿಸಿದ್ದರು. ಮುದುಕಿ ಮೊಮ್ಮಗಳ ಕೆನ್ನೆ ಸವರಿ ಲಟಿಕೆ ಮುರಿದು, ಅತ್ತು, ಎಳ್ಳುಂಡಿ ಕೊಟ್ಟು, ಒಬ್ಬ ಹುಡುಗಿಯನ್ನು ಕೈ ಹಿಡಿದು ಎಳೆದುಕೊಂಡು ಬಂದಳು. ಲಂಗ ದಾವಣಿ ಉಟ್ಟ, ನನ್ನ ಭುಜ ಮೀರಿ ಬೆಳೆದ ಹುಡುಗಿ.

“ಈಕಿ ಮಾದೇವಿ, ಬಾಜೂ ಮನಿಯಾಕಿ. ನಿಮ್ಮ ಭಾಗಿಕಿಂತ ನಾಕ ದಿನ ಸಣ್ಣಾಕಿ.”

ನನಗೆ ತಪ್ಪು ಕೇಳಿಸಿರಬೇಕು ಅನಿಸಿತು. “ನಾಕ ವರ್ಷ ದೊಡ್ಡಾಕಿ ಅಂತೀರೇನ್ರಿ ಯಮ್ಮಾ?”

“ಅಲ್ಲವಾ, ನಾಕ ದಿನ ಸಣ್ಣಾಕಿ. ಹೋಳಿ ಹುಣ್ಣಿಮಿ ಆದ ಐದನೇ ದಿನಕ್ಕ ಭಾಗಿ ಹುಟ್ಟಿದ್ಳು, ಒಂಬತ್ತನೇ ದಿನಕ್ಕ ಈಕಿ. ನಮ್ಮ ಶಾಂತಾ ಹೋದ ಮ್ಯಾಲ ಈಕಿ ಅವ್ವನಽ ಇಬ್ಬರಿಗೂ ಹಾಲ ಕುಡಿಸ್ಯಾಳ. ಒಂದ್ ಕಡಿ ಈಕಿ, ಒಂದ್ ಕಡಿ ಆಕಿ. ನೀ ಮಣ್ಣಿಗೂ ಬರ್ಲಿಲ್ಲ ನೋಡವಾ. ಪರೀಕ್ಷಿ ಅದ ಅಂತ ನಿಮ್ಮಣ್ಣ ಹೇಳ್ದ.”

ಅದು ನನ್ನ ಡಿಗ್ರಿಯ ಮೊದಲ ವರ್ಷದ ಪರೀಕ್ಷೆ. ಮಂಗಳೂರಿನ ಹಾಸ್ಟೆಲಿನ ವಾರ್ಡನ್ ಕೋಣೆಯಲ್ಲಿ ಫೋನು ಹಿಡಿದು ನಿಂತದ್ದು ನೆನಪಾಯಿತು. ಬೇವಿನ ಮರದ ಕೆಳಗೆ ನಿಂತು ಬೆರಳು ಮಡಚಿದೆ. ಡಿಗ್ರಿಯ ಉಳಿದ ವರ್ಷ ಮೂರು. ಎಂ.ಎಸ್‌ಸಿ. ಎರಡು. ಕೆಲಸ ಮೂರು. ಧಕ್ಕೆಯಲ್ಲಿ ಅಲೆದದ್ದು ನಾಲ್ಕು. ಹನ್ನೆರಡು. ಯಾರನ್ನೂ ಕೇಳಬೇಕಿರಲಿಲ್ಲ. ಯಾವ ಕಾಗದವೂ ಬೇಕಿರಲಿಲ್ಲ. ಲೆಕ್ಕ ನನ್ನ ಹತ್ತಿರವೇ ಇತ್ತು, ಎಣಿಸಿರಲಿಲ್ಲ.

ಜೋಕಾಲಿಯ ಮೇಲೆ ಮಾದೇವಿಯ ಎದುರು ನಿಂತು ಭಾಗಿ ಜೀಕುತ್ತಿದ್ದಳು. ಅವಳ ತಲೆ ಮಾದೇವಿಯ ಎದೆಗೂ ಬರುತ್ತಿರಲಿಲ್ಲ. “ಅತ್ತಿ, ನೋಡಿಲ್ಲಿ!” ಎಂದು ಕೂಗಿದಳು. ನಾಲ್ಕು ಜೀಕಿಗೆ ದಮ್ಮು ಹತ್ತಿ ಇಳಿದು, ಮರಕ್ಕೆ ಒರಗಿ ಕೂತು ನೀರು ಕೇಳಿದಳು. ಗುರಮ್ಮ ಅವಳ ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ನೋಡಿ, ನನ್ನ ಮುಖ ನೋಡಿದಳು. “ಏನ್ ನೋಡಿದ್ರವಾ ಇಷ್ಟ್ ದಿನ ನೀವು?” ಎಂದು ಸಿಟ್ಟಿಲ್ಲದೆ ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಊರಿಗೆ ಬಂದವಳು ಮನೆಗೂ ಹೋಗದೆ ಶಾಲೆಗೆ ಹೋದೆ. ಭಾಗಿಯನ್ನು ಒಂದನೆಯ ತರಗತಿಗೆ ಸೇರಿಸಿಕೊಂಡ ಮಾಸ್ತರರು ಇನ್ನೂ ಅಲ್ಲೇ ಇದ್ದರು. ಆಳಂದ ಕಡೆಯ ಮಾದನಹಿಪ್ಪರಗಾದವರು, ನಿವೃತ್ತಿಗೆ ಒಂದೆರಡು ವರ್ಷ ಬಾಕಿ. ಎರಡು ವರ್ಷ ಹೆಚ್ಚು ಬರೆದದ್ದು ನಿಜವೇ ಎಂದು ಕೇಳಿದೆ.

“ಎಲ್ಲಾರೂ ಬಂದು ಜಾಸ್ತಿ ಬರೀರಿ, ಕಡಿಮಿ ಬರೀರಿ ಅಂತಾರವಾ. ನಾ ಹ್ಞೂಂ ಅಂತೇನಿ, ಜಗಳ ಯಾರಿಗಿ ಬೇಕು? ಆದ್ರ ತಾರೀಖೊಂದು ಸುಳ್ಳ ಇರ್ತದ, ವರ್ಷ ಸುಳ್ಳ ಬರಿಯಂಗಿಲ್ಲ ನಾ. ಕೂಸಿನ ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಮುಟ್ಟಸ್ತೇನಿ. ಮುಟ್ಟಿದ್ರ ಆರ ವರ್ಷ. ಭಾಗ್ಯವಂತಿ ಕೈ ಪೂರಾ ಕಿವಿ ಹಿಡಿದಿತ್ತು. ಎತ್ತರಾನೂ ಎಲ್ಲಾ ಹುಡುಗೂರ ಸರಿಸಮ ಇದ್ಳು ಆವಾಗ.”

ಮಾಸ್ತರರು ತಿಳಿಯದೆ ನನಗೆ ಎರಡನೆಯ ಚುಕ್ಕಿ ಕೊಟ್ಟಿದ್ದರು. ಆರು ವರ್ಷದವರೆಗೆ ಅವಳು ಎಲ್ಲರ ಹಾಗೆ ಬೆಳೆದಿದ್ದಳು. ಅದಾದ ಮೇಲೆ ರೇಖೆ ಮಲಗಿತ್ತು. ನನ್ನ ಶಾರ್ಕುಗಳಲ್ಲಿ ಮುಪ್ಪಿಗೆ ಬರುವ ತಿರುವು ಆ ಕೂಸಿಗೆ ಏಳನೆಯ ವರ್ಷಕ್ಕೇ ಬಂದಿತ್ತು. ಊರಿನ ಸಾವಿರ ಸುಳ್ಳು ಕಾಗದಗಳ ನಡುವೆ ಭಾಗಿಯದೊಂದು ನಿಜವಿತ್ತು, ನಾವು ಅದನ್ನು ನಂಬಲಿಲ್ಲ.

ಕಲಬುರ್ಗಿಯ ದವಾಖಾನೆಯಲ್ಲಿ ರಕ್ತ ತೆಗೆದರು. ಅಂಗೈಯ ಎಕ್ಸ್‌ರೇ ತೆಗೆಸಿ ಡಾಕ್ಟರು ಬೆಳಕಿಗೆ ಹಿಡಿದರು. “ಎಲುಬು ನೋಡಿದರೆ ಹತ್ತು ವರ್ಷದವಳ ಹಾಗಿದೆ,” ಎಂದರು. ಅಣ್ಣ ಆಸೆಯಿಂದ ಮುಂದೆ ಬಾಗಿದ. ಎಲುಬೂ ಅವ್ವನ ಮಾತನ್ನೇ ಹೇಳುತ್ತಿತ್ತು. ನನಗೆ ಮಾತ್ರ ಎಲುಬು ಹೇಗೆ ಸುಳ್ಳು ಹೇಳುತ್ತದೆ ಎನ್ನುವುದು ಗೊತ್ತಿತ್ತು. ಮುದಿ ಶಾರ್ಕು ಬೆಳೆಯುವುದನ್ನು ನಿಲ್ಲಿಸಿದ ಮೇಲೆ ಮಣಿಯಲ್ಲಿ ಹೊಸ ಗೆರೆ ಕೂಡುವುದೂ ನಿಲ್ಲುತ್ತದೆ. ಎಣಿಸಿದರೆ ಇದ್ದ ವಯಸ್ಸಿಗಿಂತ ಕಡಿಮೆಯೇ ಬರುತ್ತದೆ. “ಹನ್ನೆರಡ್ರಿ ಡಾಕ್ಟರೇ. ಹನ್ನೆರಡು ತುಂಬಿ ಐದು ತಿಂಗಳಾಗ್ಯಾವ,” ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, ಎಕ್ಸ್‌ರೇ ಕೆಳಗಿಟ್ಟರು.

ಎರಡೂ ಮೂತ್ರಪಿಂಡ ಚಿಕ್ಕವಾಗಿ ಸೊರಗಿದ್ದವು. ವರ್ಷಗಟ್ಟಲೆ ಸದ್ದಿಲ್ಲದೆ ನಡೆದ ರೋಗ. ಆ ಬಾಯಾರಿಕೆ, ಆ ಬಿಳಿಚು, ಆ ದಮ್ಮು, ಆ ಅಂಗಿ ಎಲ್ಲ ಅದೇ. ನಾನು ಡಾಕ್ಟರರನ್ನು ಒಬ್ಬರೇ ಇದ್ದಾಗ ಹಿಡಿದು ಕೇಳಿದೆ: ಆರು ವಾರದ ಹಿಂದೆ ನಾನು ಅಳೆದು ನೋಡಿ ಎಲ್ಲ ಸರಿ ಇದೆ ಎಂದಿದ್ದೆ, ಆಗಲೇ ಕರೆತಂದಿದ್ದರೆ? ಅವರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. “ಆರು ವಾರದಿಂದ ಏನೂ ಆಗುತ್ತಿರಲಿಲ್ಲ. ಐದಾರು ವರ್ಷದ ಹಿಂದೆ ಬಂದಿದ್ದರೆ ಮಾತು ಬೇರೆ ಇತ್ತು,” ಎಂದರು. ಸಮಾಧಾನಕ್ಕೆಂದು ಹೇಳಿದ್ದು. ಆ ಐದಾರು ವರ್ಷ ಪ್ರತಿ ದೀಪಾವಳಿಗೆ ನಾನು ಊರಿಗೆ ಬಂದಿದ್ದೆ. ಪ್ರತಿ ಸಲವೂ ಅವಳನ್ನು ಎತ್ತಿ ತಿರುಗಿಸಿ, “ನಮ್ಮ ಚೋಟಿ ಹಾಂಗೇ ಅದಾಳ ನೋಡು” ಎಂದು ನಕ್ಕು ಹೋಗಿದ್ದೆ.

ವಾರಕ್ಕೆ ಎರಡು ಸಲ ಕಲಬುರ್ಗಿಗೆ ಡಯಾಲಿಸಿಸ್. ನನ್ನ ರಜೆ ಮುಗಿದರೂ ನಾನು ಹೋಗಲಿಲ್ಲ. ಅಣ್ಣ ಒಂದು ದಿನ ದವಾಖಾನೆಯ ಮೆಟ್ಟಿಲ ಮೇಲೆ ಕೂತು, “ನಾನಽ ಬರಸೀನಿ ಅಂದ್ಕೊಂಡಿದ್ದೆ ಬೇ ನೀಲಾ, ಎರಡ ವರ್ಷ ಜಾಸ್ತಿ,” ಎಂದು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತ. ಶಾಂತಾ ವೈನಿ ಹೋದಾಗ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಇದನ್ನು ನೋಡಿದೆ.

ಭಾಗಿಗೆ ಮಾತ್ರ ಒಂದು ಸಂಗತಿ ಬಹಳ ಖುಷಿ ಕೊಟ್ಟಿತ್ತು.

“ನಾ ಹನ್ನೆರಡು ಅಂತ ಗೊತ್ತಾತಿಲ್ಲ ಅತ್ತಿ?”

“ಗೊತ್ತಾತು.”

“ನಾ ಹೇಳಿದ್ದಿಲ್ಲೇನು ಮೊದಲಽ?”

“ಹೇಳಿದ್ದಿ.”

“ಅಮ್ಮಗ ಹೇಳು ಮತ್ತ.”

ಹೇಳಿದೆ. ಅವ್ವ ಅವಳ ಕಾಲು ಒತ್ತುತ್ತ, “ಹೌದವಾ, ನೀ ದೊಡ್ಡಾಕಿ,” ಎಂದಳು. ಅವತ್ತಿನಿಂದ ಮನೆಯಲ್ಲಿ ಯಾರೂ ಚೋಟಿ ಎನ್ನಲಿಲ್ಲ. ಹೋಳಿ ಕಳೆದು ಐದನೆಯ ದಿನ ದವಾಖಾನೆಯಲ್ಲೇ ಅವಳ ಹುಟ್ಟಿದ ಹಬ್ಬ ಮಾಡಿದೆವು. ನಮ್ಮ ಮನೆಯಲ್ಲಿ ಒಬ್ಬರಿಗೆ ನಿಜವಾದ ದಿನಕ್ಕೆ ಹುಟ್ಟಿದ ಹಬ್ಬವಾದದ್ದು ಅದೇ ಮೊದಲು. ಕೊಳಕೂರಿನಿಂದ ಗುರಮ್ಮ ಮಾದೇವಿಯನ್ನು ಕರೆದುಕೊಂಡು ಬಂದಿದ್ದಳು. ಯಾರೂ ಕೇಳದಿದ್ದರೂ ಬಂದ ಸಿಸ್ಟರಿಗೆಲ್ಲ ಭಾಗಿ ಹೇಳಿದಳು: “ನನಗ ಇವತ್ತಿಗಿ ಹದಿಮೂರು ತುಂಬಿದ್ವು. ಈಕೀಗಿ ಇನ್ನಾ ನಾಕ ದಿನ ಅದಾವ.” ಮಾದೇವಿ ತಲೆ ಬಗ್ಗಿಸಿ ಹೂಂ ಎಂದಳು.

ಬಸವ ಜಯಂತಿಯ ಮರುದಿನ ಭಾಗಿ ಹೋದಳು. ಮಳೆಗಾಲಕ್ಕೆ ಇನ್ನೂ ತಿಂಗಳಿತ್ತು. ನನ್ನ ಪ್ರಬಂಧಕ್ಕೆ ಆ ವರ್ಷವೇ ಪದವಿ ಬಂತು. ರೇಖೆ ಬಹಳ ಚೆನ್ನಾಗಿ ಕೂತಿದೆ ಎಂದು ಹೊರಗಿನ ಪರೀಕ್ಷಕರು ಬರೆದರು. ಕೊಟ್ಟಿಗೆಯಲ್ಲಿ ಬಿಟ್ಟ ಡಬ್ಬಿ ನನಗೆ ಬೇಕಾಗಲಿಲ್ಲ. ಅಣ್ಣ ಅದನ್ನು ಅಟ್ಟಕ್ಕೆ ಹಾಕಿದ್ದ.

ಈಗ ಹತ್ತು ವರ್ಷದ ಮೇಲೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಲಕೋಟೆ ತೆಗೆದೆ. ಕಾಗದ ಹಳದಿಯಾಗಿತ್ತು. ನೂರಾ ಹನ್ನೊಂದು, ನೂರಾ ಹನ್ನೆರಡು, ನೂರಾ ಹದಿಮೂರು, ನೂರಾ ಹದಿನಾಲ್ಕು. ಎಲ್ಲದರ ಮೂಲೆಯ ಚೌಕದಲ್ಲಿ ನನ್ನ ಅಕ್ಷರದಲ್ಲಿ ವಯಸ್ಸು. ಅದರ ಹಿಂದಿನದಕ್ಕೆ ನಂಬರ್ ಇರಲಿಲ್ಲ. ಒಳಗೆ ಏನೋ ಚಿಕ್ಕದು ಅಲುಗಾಡಿತು. ತೆರೆದರೆ ಒಂದು ಹಲ್ಲು. ಮಾಳಿಗೆಯ ಮೇಲೆ ಬೀಳದೆ ಉಳಿದ ಹಾಲುಹಲ್ಲು. ಲಕೋಟೆಯ ಮೇಲೆ ಪೆನ್ಸಿಲಿನ ದುಂಡನೆಯ ಅಕ್ಷರ:

“ಭಾಗ್ಯವಂತಿ. ಎಣಿಸಿ ವಯಸ್ಸು ಹೇಳು ಅತ್ತಿ. ಉದ್ದ ನೋಡಬ್ಯಾಡ.”

ಕೆಳಗೆ ಮೂಲೆಯಲ್ಲಿ, ನನ್ನ ಲಕೋಟೆಗಳಲ್ಲಿ ಇರುವ ಹಾಗೆಯೇ, ಸ್ಕೇಲು ಇಟ್ಟು ಎಳೆದ ಒಂದು ಚೌಕ. ಖಾಲಿ.

ಅಟ್ಟದ ಮೇಲಿಂದ ಅಣ್ಣ “ಏನ್ ಸಿಕ್ತು ಬೇ?” ಎಂದ. ಚೀಲದಿಂದ ಪೆನ್ನು ತೆಗೆದು, ಆ ಚೌಕದಲ್ಲಿ ಹನ್ನೆರಡು ಎಂದು ಬರೆದೆ.